ಸ್ಟ್ರೈಡ್ ಪಿಯಾನೊ ಮನೆಯಲ್ಲಿ ರೆಕಾರ್ಡ್ ಮಾಡುವುದು ಹೇಗೆ? ಎಡಗೈ ಬರೀ ಗುಂಯ್ ಅನ್ನುತ್ತದೆ

ನೀರ್ಚಾಲ್_ಕಪ್ಪುಬಿಳಿ:
ಬದಿಯಡ್ಕ, ಕುಂಬಳೆ ಕಡೆ ಸ್ಟ್ರೈಡ್ ಅನ್ನುವ ಹಳೇ ಜಾಝ್ ಪಿಯಾನೊ ಶೈಲಿ ನುಡಿಸುವವರು ಯಾರಾದರೂ ಇದ್ದೀರಾ? ನಮ್ಮಲ್ಲಿ ಒಂದು ಅಪ್‌ರೈಟ್ ಪಿಯಾನೊ ಇದೆ, ಮಂಗಳೂರಿನಿಂದ ತಂದದ್ದು. ಜೇಮ್ಸ್ ಪಿ. ಜಾನ್ಸನ್ ಅವರ 'ಕೆರೊಲಿನಾ ಶೌಟ್' ಸುಮಾರಾಗಿ ಕೈಗೆ ಕೂತಿದೆ, ರೆಕಾರ್ಡ್ ಮಾಡಿ ಹಾಕಬೇಕು ಅಂತ ಆಸೆ. ಆದರೆ ಫೋನಿನಲ್ಲಿ ಹಿಡಿದರೆ ಎಡಗೈ ಬರೀ ಗುಂಯ್ ಅನ್ನುತ್ತದೆ, ಬಲಗೈ ಕಿವಿಗೆ ಚುಚ್ಚುತ್ತದೆ. ನನ್ನ ಕೈಯೂ ಚಿಕ್ಕದು, ಟೆಂತ್ (ಹತ್ತು ಬಿಳಿ ಕೀಗಳಷ್ಟು ಅಗಲದ ಎರಡು ಸ್ವರ ಒಟ್ಟಿಗೆ) ಎಟಕುವುದಿಲ್ಲ. ಇನ್ನೊಂದು, ಹಳೇ ಗ್ರಾಮಫೋನ್ ಪ್ಲೇಟಿನ ಹಾಗೆ ಕೇಳಿಸಲು ಆಮೇಲೆ ಕರಕರ ಸದ್ದು ಸೇರಿಸುತ್ತಾರಲ್ಲ, ಅದನ್ನು ಮಾಡಬಹುದಾ?

ಎಡಗೈ_ಪುರಾಣ:
ಮೈಕ್ ವಿಷಯ ಆಮೇಲೆ. ಮೊದಲು ಬಲಗಾಲು ನೋಡಿ. ಸ್ಟ್ರೈಡಿನಲ್ಲಿ ಒಂದು ಮತ್ತು ಮೂರನೇ ಬೀಟಿಗೆ ಕೆಳಗಿನ ಬಾಸ್ ಸ್ವರ, ಎರಡು ಮತ್ತು ನಾಲ್ಕಕ್ಕೆ ನಡುವಿನ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು). ಪೆಡಲ್ ಒತ್ತಿಯೇ ಇಟ್ಟರೆ ಬಾಸ್ ನಿಲ್ಲುವ ಮೊದಲೇ ಕಾರ್ಡ್ ಅದರ ಮೇಲೆ ಬಂದು ಬೀಳುತ್ತದೆ, ಆಗ ಗುಂಯ್ ಅನ್ನದೆ ಇನ್ನೇನು ಅಂದೀತು ಮಾರಾಯ್ರೆ. ಒಂದು ದಿನ ಪೆಡಲನ್ನು ಪೂರ್ತಿ ಬಿಟ್ಟು ನುಡಿಸಿ ನೋಡಿ.

ಟೆಂತ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ಟ್ರೈಡ್ ಪಿಯಾನೊಗಾರ ಫ್ಯಾಟ್ಸ್ ವಾಲರ್ ಅವರ ಕೈ ದೊಡ್ಡದಿತ್ತು, ಅವರು ಹಿಡಿದರು. ನಾವು ಒಡೆದು ನುಡಿಸಿದರಾಯಿತು: ಕೆಳಗಿನ ಸ್ವರ ಬೀಟಿಗಿಂತ ಕೂದಲೆಳೆ ಮುಂಚೆ, ಮೇಲಿನದ್ದು ಬೀಟಿಗೆ ಸರಿಯಾಗಿ. ಅದೂ ಆಗದಿದ್ದರೆ ಆಕ್ಟೇವ್ ಸಾಕು.

ಆದರೆ 'ಕೆರೊಲಿನಾ ಶೌಟ್'ನಲ್ಲಿ ನಿಜವಾದ ಕಷ್ಟ ಬೇರೆ ಕಡೆ ಇದೆ. ಅಲ್ಲಲ್ಲಿ ಎಡಗೈ ಬಾಸ್-ಕಾರ್ಡ್ ಜೋಡಿಯನ್ನು ಬಿಟ್ಟು ಎರಡು ಬಾರಿನ (ನಾಲ್ಕು ಬೀಟಿನ ಒಂದು ಸುತ್ತು ಒಂದು ಬಾರ್) ಎಂಟು ಬೀಟನ್ನು 3-3-2 ಆಗಿ ಒಡೆಯುತ್ತದೆ. ಬಲಗೈ ಮಾತ್ರ ಏನೂ ಆಗದ ಹಾಗೆ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಪಾಶ್ಚಾತ್ಯ ಪುಸ್ತಕ ನೋಡಿ ಕಲಿಯುವವರು ಇಲ್ಲಿ ಒದ್ದಾಡುತ್ತಾರೆ. ನಮಗೆ ಸುಲಭ ಅಲ್ವಾ? ಕಾಲಲ್ಲಿ ಸಮ ಬೀಟ್ ಹಾಕಿ, ಬಾಯಲ್ಲಿ ತಕಿಟ ತಕಿಟ ತಕ ಅನ್ನಿ, ಎಡಗೈ ಒಂದನ್ನೇ ನಿಧಾನಕ್ಕೆ ನುಡಿಸಿ. ಬಲಗೈ ಸೇರಿಸಲು ಅವಸರ ಬೇಡ. ಕಾಲವೂ ಓಡಬಾರದು, ಸ್ಟ್ರೈಡಿನಲ್ಲಿ ಜಾಸ್ತಿ ಜನ ಕೆಡುವುದೇ ಅಲ್ಲಿ.

ತೇವದ_ಗಾಳಿ:
ಪಿಯಾನೊ ಗೋಡೆಗೆ ಅಂಟಿಸಿ ಇಟ್ಟಿದ್ದೀರಾ? ಅಪ್‌ರೈಟಿನ ಸೌಂಡ್‌ಬೋರ್ಡ್, ಅಂದರೆ ತಂತಿಯ ಸದ್ದನ್ನು ದೊಡ್ಡದು ಮಾಡುವ ಹಲಗೆ, ಇರುವುದು ಹಿಂದುಗಡೆ. ಗೋಡೆ ಹತ್ತಿರ ಇದ್ದಷ್ಟೂ ಬಾಸ್ ಊದಿಕೊಳ್ಳುತ್ತದೆ. ಎರಡಡಿ ಮುಂದೆ ಎಳೆದು ಸ್ವಲ್ಪ ಓರೆ ಮಾಡಿ, ಹಿಂದಿನ ಗೋಡೆಗೆ ದಪ್ಪ ರಜಾಯಿ ತೂಗುಹಾಕಿ. ಮೇಲಿನ ಮುಚ್ಚಳ ತೆರೆಯಿರಿ. ಫೋನ್ ಬೇಡ, ಅದು ತನ್ನಷ್ಟಕ್ಕೇ ಸದ್ದು ಏರಿಸಿ ಇಳಿಸಿ ಜೋರು ಮೆದು ಎಲ್ಲವನ್ನೂ ಒಂದೇ ಮಾಡಿಬಿಡುತ್ತದೆ. ಎರಡು ಮೈಕ್ ಇರುವ ಸಣ್ಣ ಕೈ ರೆಕಾರ್ಡರ್ ಸಾಕು, ನಿಮ್ಮ ತಲೆಯ ಹಿಂದೆ, ತಲೆಗಿಂತ ಸ್ವಲ್ಪ ಎತ್ತರದಲ್ಲಿಡಿ. ಲೆವೆಲ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇರಲಿ, ಸ್ಟ್ರೈಡಿನಲ್ಲಿ ಕೈ ಇದ್ದಕ್ಕಿದ್ದ ಹಾಗೆ ಜೋರಾಗುತ್ತದೆ.

ಇದೆಲ್ಲಕ್ಕಿಂತ ದೊಡ್ಡ ವಿಷಯ ನಮ್ಮ ಊರಿನ ಮಳೆ. ಸೌಂಡ್‌ಬೋರ್ಡಿನ ಮರ ತೇವ ಕುಡಿದು ಉಬ್ಬುತ್ತದೆ, ತಂತಿ ಬಿಗಿಯಾಗುತ್ತದೆ, ನಡುವಿನ ಸ್ವರಗಳು ಬೇರೆಯವಕ್ಕಿಂತ ಜಾಸ್ತಿ ಏರುತ್ತವೆ. ಅಂದರೆ ನಿಮ್ಮ ಬಾಸೂ ಕಾರ್ಡೂ ಒಂದಕ್ಕೊಂದು ಸೇರುವುದೇ ಇಲ್ಲ. ಆಟಿ ತಿಂಗಳ ಜೋರು ಮಳೆಯಲ್ಲಿ ಟ್ಯೂನ್ ಮಾಡಿಸಿದರೆ ದುಡ್ಡು ದಂಡ. ಮಳೆ ಬಿಟ್ಟು ಒಂದೆರಡು ತಿಂಗಳು ಕಳೆದ ಮೇಲೆ ಟ್ಯೂನರ್‌ನ ಕರೆಸಿ, ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ರೆಕಾರ್ಡ್ ಮುಗಿಸಿ. ಆಗ ಹಗಲು ಅಡಿಕೆ ಸುಲಿಯುವ ಮೆಷಿನ್ ಸದ್ದು, ರಾತ್ರಿ ಎಲ್ಲಾದರೂ ಯಕ್ಷಗಾನ ಆಟದ ಮೈಕ್. ಎರಡೂ ಇಲ್ಲದ ರಾತ್ರಿ ಹುಡುಕಿಕೊಳ್ಳಿ, ಸಿಗುತ್ತದೆ.

ಮಂಜೇಶ್ವರ_78:
ಕರಕರ ಸದ್ದು ದಯವಿಟ್ಟು ಬೇಡ. ಜಾನ್ಸನ್ ಓಕೇ (OKeh) ಎಂಬ ರೆಕಾರ್ಡ್ ಕಂಪೆನಿಗೆ ಈ ಪ್ಲೇಟ್ ಕೊಟ್ಟದ್ದು 1921ರಲ್ಲಿ. ರೆಕಾರ್ಡಿಂಗಿಗೆ ಮೈಕ್ ಬಂದದ್ದು 1925ರಿಂದ ಈಚೆಗೆ. ಅದಕ್ಕೆ ಮೊದಲು ದೊಡ್ಡ ಕೊಳವೆಯ ಮುಂದೆ ಕೂತು ನುಡಿಸಬೇಕಿತ್ತು, ಆ ಕೊಳವೆ ಪಿಯಾನೊದ ಬಾಸನ್ನು ಸರಿಯಾಗಿ ಹಿಡಿಯುತ್ತಲೇ ಇರಲಿಲ್ಲ. ಹಳೇ ಪ್ಲೇಟಿನಲ್ಲಿ ಎಡಗೈ ಬಡಕಲಾಗಿ ಕೇಳುವುದು ಮೆಷಿನ್ ತಪ್ಪು, ಅವರ ಕೈಯಲ್ಲಿ ಇದ್ದದ್ದಲ್ಲ. ಅವರು ಬೇಡವೆಂದರೂ ತಪ್ಪಿಸಲಾಗದೆ ಹೋದದ್ದನ್ನು ನಾವು ಫಿಲ್ಟರ್ ಹಾಕಿ ತಂದುಕೊಳ್ಳುವುದು ಏನು ಚಂದ?

ಕಿವಿಯಿಂದ ಕಲಿಯುವವರಿಗೆ ಇನ್ನೊಂದು ಮಾತು. ಈ ತುಣುಕು ಇರುವುದು ಜಿ ಮೇಜರಿನಲ್ಲಿ, ಯಕ್ಷಗಾನ ಹಾಡುವ ನಮ್ಮ ಭಾಗವತರ ಶ್ರುತಿಯ ಲೆಕ್ಕಕ್ಕೆ ಬಿಳಿ ಐದು. ಆ ಕಾಲದ ಪ್ಲೇಟುಗಳ ವೇಗ ಒಂದೇ ಸಮ ಇರಲಿಲ್ಲ. ನೆಟ್ಟಿನಲ್ಲಿ ಸಿಕ್ಕ ಕಾಪಿ ಅದಕ್ಕಿಂತ ಅರ್ಧ ಸ್ವರ ಮೇಲಿನ ಕಪ್ಪು ನಾಲ್ಕರ ಹತ್ತಿರ ಕೇಳಿದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ, ಮೊದಲು ಅದನ್ನು ಇಳಿಸಿಕೊಳ್ಳಿ. ಇದರ ಪಿಯಾನೊ ರೋಲೂ ಇದೆ, ಅಂದರೆ ಪಿಯಾನೊ ತಾನಾಗಿ ನುಡಿಯುವಂತೆ ತೂತು ಕೊರೆದ ಕಾಗದದ ಸುರುಳಿ. ಆಮೇಲೆ ಜಾಝಿನಲ್ಲಿ ದೊಡ್ಡ ಹೆಸರಾದ ಡ್ಯೂಕ್ ಎಲಿಂಗ್ಟನ್ ಹುಡುಗನಾಗಿದ್ದಾಗ ರೋಲನ್ನು ನಿಧಾನ ಓಡಿಸಿ, ತಾನಾಗಿ ಕೆಳಗಿಳಿಯುವ ಕೀಗಳ ಮೇಲೆ ಬೆರಳಿಟ್ಟು ಇದನ್ನು ಕಲಿತರಂತೆ. ಆದರೆ ರೋಲಿನಲ್ಲಿ ಆಮೇಲೆ ತೂತು ಕೊರೆದು ಸ್ವರ ಸೇರಿಸಬಹುದಿತ್ತು, ಅದಕ್ಕೇ ನನಗೆ ಪ್ಲೇಟಿನ ಮೇಲೆಯೇ ನಂಬಿಕೆ.

ನೀರ್ಚಾಲ್_ಕಪ್ಪುಬಿಳಿ:
ಕರಕರ ಕೈಬಿಟ್ಟೆ. ಪಿಯಾನೊ ನಿಜಕ್ಕೂ ಗೋಡೆಗೆ ತಾಗಿಯೇ ಇದೆ, ನಾಳೆ ಎಳೆಯುತ್ತೇನೆ, ಇಬ್ಬರು ಬೇಕು. ಯೂಟ್ಯೂಬಿಗೆ ಹಾಕಿದರೆ ಕಾಪಿರೈಟ್ ತಕರಾರು ಬರುತ್ತದಾ?

ಎಡಗೈ_ಪುರಾಣ:
ನಮ್ಮ ಕಾನೂನಿನಲ್ಲಿ ರಚನಕಾರ ತೀರಿಕೊಂಡ ಮೇಲೆ 60 ವರ್ಷ. ಜಾನ್ಸನ್ ತೀರಿಕೊಂಡದ್ದು 1955ರಲ್ಲಿ, ಹಾಗಾಗಿ ಇಲ್ಲಿ 2015ರ ಕೊನೆಗೇ ಮುಗಿದಿದೆ. ಬೇರೆ ದೇಶಗಳ ಲೆಕ್ಕ ಬೇರೆ. ಈಚಿನವರು ಬರೆದು ಮಾರುವ ನೊಟೇಶನ್ನಿಗೆ ಅವರದೇ ಹಕ್ಕು ಇರಬಹುದು, ಅದನ್ನು ಸ್ಕ್ರೀನಿನಲ್ಲಿ ತೋರಿಸಬೇಡಿ.

ಅಂದ ಹಾಗೆ, ಸ್ಟ್ರೈಡ್ ಅಂದರೆ ಅಮೆರಿಕದ್ದು, ನಮಗೇನು ಅಂತ ಯಾರಾದರೂ ಕಮೆಂಟ್ ಹಾಕಿದರೆ ಟೆಡ್ಡಿ ವೆದರ್‌ಫರ್ಡ್ ಹೆಸರು ಹೇಳಿ. ಶಿಕಾಗೋದಲ್ಲಿ ಹೆಸರು ಮಾಡಿದ್ದ ಪಿಯಾನೊಗಾರ. 1930ರ ದಶಕದಲ್ಲಿ ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ನುಡಿಸುತ್ತಿದ್ದರು, ಆಮೇಲೆ ಕಲ್ಕತ್ತೆಗೆ ಹೋದರು. 1945ರಲ್ಲಿ ಅಲ್ಲೇ ಕಾಲರಾ ಬಂದು ತೀರಿಕೊಂಡರು. ಅವರು ಕಲ್ಕತ್ತೆಯಲ್ಲಿ ಮಾಡಿದ ರೆಕಾರ್ಡುಗಳು ನೆಟ್ಟಿನಲ್ಲಿ ಸಿಗುತ್ತವೆ, ಹುಡುಕಿ ಕೇಳಿ.

ತೇವದ_ಗಾಳಿ:
ಪಿಯಾನೊ ಎಳೆದಾಗ ಕೆಳಗಿನ ಹಲಗೆ ಬಿಚ್ಚಿ ಟಾರ್ಚ್ ಹಾಕಿ ನೋಡಿ. ಇಲಿ ಫೆಲ್ಟ್ ಕತ್ತರಿಸಿದ್ದರೆ ಟ್ಯೂನರ್‌ಗೆ ಫೋನಿನಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಸಾಮಾನು ತರಲು ಅವರು ಇನ್ನೊಮ್ಮೆ ಮಂಗಳೂರಿಗೆ ಹೋಗಬೇಕಾಗುತ್ತದೆ.