ಅಪ್‌ಡೇಟ್: ಅಮ್ಮನ ಗೋವಾ ಜನನ ದಾಖಲೆ ಸಿಕ್ಕಿತು
ಅಮ್ಮ 1958ರಲ್ಲಿ ಮಡಗಾಂವ್‌ನಲ್ಲಿ ಹುಟ್ಟಿದವರು, ಭಾರತದ ಪೌರತ್ವದ ಜೊತೆ ನನಗೆ ಪೋರ್ಚುಗಲ್‌ದೂ ಸಿಗುತ್ತದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹಳೇ ದಾಖಲೆಯ ನಕಲು ಸಿಕ್ಕಿತು. ಪೋರ್ಚುಗೀಸ್ ಕೈಬರಹ, ಮಾಸಿದ ಶಾಯಿ. ಅಜ್ಜನ ಹೆಸರಿನ ಮೇಲೆ ಬೆರಳಾಡಿಸುತ್ತಾ ಅಮ್ಮ ಅತ್ತೇಬಿಟ್ಟರು. ಪೋರ್ಚುಗೀಸರ ಕೈಯಿಂದ ಗೋವಾ ಭಾರತಕ್ಕೆ ಬಂದ 1961ರ ಡಿಸೆಂಬರ್ 19ಕ್ಕೆ ಮೊದಲು ಹುಟ್ಟಿದ್ದರಿಂದ ದಾರಿಯೇನೋ ಇದೆ. ಮೊದಲು ಅಮ್ಮನ ಜನನ ಪೋರ್ಚುಗಲ್‌ನಲ್ಲಿ ನೋಂದಣಿಯಾಗಬೇಕು, ಆಮೇಲೆ ನನ್ನದು.

ಆದರೆ ಎರಡೂ ಇಟ್ಟುಕೊಳ್ಳಲು ಆಗುವುದಿಲ್ಲ. ನಾವಾಗಿಯೇ ಬೇರೆ ಪೌರತ್ವ ಪಡೆದರೆ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ್ದು ಹೋಗುತ್ತದೆ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಸಿಕ್ಕರೂ ವೋಟಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಕಾರವಾರದಲ್ಲಿ ಗದ್ದೆ ಕೊಳ್ಳುವ ಆಸೆ ನನಗೆ ಜಾಸ್ತಿ. ಅರ್ಜಿ ಹಾಕುತ್ತಿಲ್ಲ. ದಾಖಲೆಯ ಪ್ರತಿಗೆ ಫ್ರೇಮ್ ಹಾಕಿಸಿದ್ದೇನೆ.