ಸಹಾಯ ಬೇಕು: ಹಗಲಲ್ಲೂ ಮನೆ ಬಾಗಿಲು ಕಿಟಕಿ ಎಲ್ಲ ಲಾಕ್ ಮಾಡಿಡ್ಬೇಕಾ?

ನಮಸ್ಕಾರ ಎಲ್ರಿಗೂ. ಅಪ್ಪ ಅಮ್ಮ ಇಬ್ರೇ ಹಾಸನದಲ್ಲಿ ಇರೋದು, ನಾನು ಬೆಂಗಳೂರಲ್ಲಿ. ಹಿಂದಿನ ರೋಡಲ್ಲಿ ಕಳ್ತನ ಆದಾಗಿಂದ ಅಪ್ಪ ಇಡೀ ದಿನ ಎಲ್ಲ ಬಂದ್ ಮಾಡ್ಕೊಂಡು ಕೂತಿರ್ತಾರೆ, ಮುಂಬಾಗಿಲಿಗೆ ಮೇಲೆ ಕೆಳಗೆ ಬೋಲ್ಟು, ಹೊರಗಡೆ ಗ್ರಿಲ್ಲಿಗೆ ಒಳಗಿಂದ ಬೀಗ, ಅದರ ಕೀ ಅವರ ದಿಂಬಿನ ಕೆಳಗೆ! ಅಮ್ಮಂದು ಉಲ್ಟಾ, ದೀಪ ಹಚ್ಚೋ ಹೊತ್ತಲ್ಲಿ ಬಾಗಿಲು ಹಾಕಿದ್ರೆ ಲಕ್ಷ್ಮಿ ಹೆಂಗೆ ಬರ್ತಾಳೆ ಅಂತ ದಿನಾ ಜಗಳ.

ಕಳ್ಳರಿಗಿಂತ ನಂಗೆ ಜಾಸ್ತಿ ಭಯ ಬಾತ್‌ರೂಮ್ ಕಿಟಕಿದು. ಅಲ್ಲಿ ಗ್ಯಾಸ್ ಗೀಸರ್ ಇದೆ, ಗಾಳಿ ಆಡದೆ ಇದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳ್ಳತ್ತೆ, ಅದಕ್ಕೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ, ಗೊತ್ತಾಗೋದ್ರೊಳಗೆ ಪ್ರಜ್ಞೆ ತಪ್ಪತ್ತೆ. ಅಪ್ಪ ಆ ವೆಂಟಿಲೇಟರಿಗೂ ರಟ್ಟು ಬಡ್ದಿದಾರೆ, ಹೇಳಿದ್ರೆ ಕೇಳಲ್ಲ. ಆಮೇಲೆ ಅಮ್ಮಂಗೆ ಶುಗರ್ ಇದೆ, ಒಬ್ರೇ ಇದ್ದಾಗ ತಲೆ ಸುತ್ತಿ ಬಿದ್ರೆ, 112ಕ್ಕೆ ಫೋನ್ ಮಾಡಿ ಜನ ಬಂದ್ರೂ ಒಳಗಿಂದ ಬೋಲ್ಟ್ ಹಾಕಿದ್ರೆ ಬಾಗಿಲು ಒಡೀಬೇಕಷ್ಟೇ.

ಗೀಸರ್ ಬಾತ್‌ರೂಮಿಂದ ಹೊರಗೆ ಹಾಕ್ಸಿದೋರು ಇದೀರಾ, ಎಷ್ಟು ಖರ್ಚಾಯ್ತು? ಹೊರಗಿಂದಾನೂ ಕೀಲಿ ಹಾಕಿ ತೆಗಿಯೋಕಾಗೋ ಲಾಕ್ ಯಾವ್ದು ಒಳ್ಳೇದು? ಒಂದು ಕೀ ಪಕ್ಕದ ಮನೆ ಆಂಟಿ ಹತ್ರ ಕೊಡೋಣ ಅಂದ್ರೆ ಅಪ್ಪ ಸುತಾರಾಂ ಒಪ್ತಿಲ್ಲ. ಮೆಶ್ ಡೋರ್ ಹಾಕ್ಸಿದ್ರೆ ಅಮ್ಮನೂ ಸುಮ್ನಾಗ್ತಾರೇನೋ. ಸಿಸಿಟಿವಿ ಬೇಡ, ಅದ್ನ ಇಬ್ರೂ ನೋಡಲ್ಲ. ವಯಸ್ಸಾದೋರು ಮನೇಲಿರೋರು ಹೇಳಿ ಪ್ಲೀಸ್.