ಓದುಗರ ಸ್ಪಂದನ: ಕೆಲಸ ಸಿಕ್ಕಿತು, ತಮ್ಮ ನಾಲ್ಕೇ ತಿಂಗಳಿಗೆ ಮರಳಿದ

ಕಳೆದ ಸಂಚಿಕೆಯ ಸಮಸ್ಯೆ: ನನ್ನ ತಮ್ಮನಿಗೆ 26 ವರ್ಷ. ಬಿ.ಕಾಂ. ಓದಿದ್ದಾನೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕುಗ್ಗುತ್ತಾ ಬಂದಿದೆ. ಈಗ ನೇರ ಎದುರಿಗಿರುವುದು ಒಂದಿಷ್ಟು ಕಾಣುತ್ತದೆ, ಕತ್ತಲಾದರೆ ಏನೂ ಕಾಣದು. ಮೂರು ಕಡೆ ತರಬೇತಿ ಪಡೆದ. ಉದ್ಯೋಗ ಮೇಳದಲ್ಲಿ ಬೆಂಗಳೂರಿನ ಕಂಪನಿಯೊಂದಕ್ಕೆ ಆಯ್ಕೆಯಾಗಿ, ನಾಲ್ಕು ತಿಂಗಳಿಗೆ ಬಿಟ್ಟು ಬಂದ. ಕೇಳಿದರೆ ‘ನನ್ನ ಕೈಲಿ ಆಗಲ್ಲ’ ಎನ್ನುತ್ತಾನೆ. ‘ಮಾಸಾಶನ ಬರುತ್ತಲ್ಲ, ಮನೇಲೇ ಇರಲಿ’ ಎನ್ನುತ್ತಾರೆ ಅಪ್ಪ. ನಾನೇನು ಮಾಡಲಿ?
– ಅಕ್ಕ, ದಾವಣಗೆರೆ ಜಿಲ್ಲೆ

*

ಸೋದರಿ, ನಿಮ್ಮ ತಮ್ಮನಿಗಿರುವ ಕಾಯಿಲೆಯೇ ನನಗೂ ಇದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಹನ್ನೊಂದು ವರ್ಷವಾಯಿತು. ‘ನನ್ನ ಕೈಲಿ ಆಗಲ್ಲ’ ಎಂದು ನಾನೂ ಅಂದವನೇ. ‘ಯಾಕೆ ಬಿಟ್ಟೆ’ ಎಂದು ಕೇಳಬೇಡಿ. ಅಲ್ಲಿ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಒಂದು ದಿನ ಹೇಗೆ ಕಳೆಯುತ್ತಿತ್ತು ಎಂದು ಕೇಳಿ. ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತಿತ್ತು? ಬಸ್ಸಿಳಿದು ರೂಮಿಗೆ ಕತ್ತಲಲ್ಲಿ ಹೇಗೆ ಹೋಗುತ್ತಿದ್ದ? ಹಗಲು ಮೊಬೈಲ್ ನೋಡುವವನು ಸಂಜೆ ಕುರ್ಚಿಗೆ ಎಡವಿದರೆ ‘ನಾಟಕ ಮಾಡ್ತಾನೆ’ ಎನ್ನುವವರು ಇದ್ದೇ ಇರುತ್ತಾರೆ. ಆ ಮಾತಿಗೆ ಹೆದರಿ ನಾನು ಎರಡು ವರ್ಷ ಬಿಳಿಕೋಲನ್ನು ಚೀಲದಿಂದ ಹೊರಗೆ ತೆಗೆದಿರಲಿಲ್ಲ.

ಆಮೇಲೆ ಕಂಪ್ಯೂಟರಿನ ವಿಷಯ. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ತರಬೇತಿಯಲ್ಲಿ ಅದರ ಜೊತೆ ವರ್ಡ್, ಎಕ್ಸೆಲ್ ಕಲಿಸುತ್ತಾರೆ. ಕಂಪನಿಗೆ ಹೋದರೆ ಅಲ್ಲಿರುವುದು ಅವರದೇ ತಂತ್ರಾಂಶ. ಅದನ್ನು ಮಾಡಿದವರು ಪರದೆಯ ಗುಂಡಿಗಳಿಗೆ ಹೆಸರು ಕೊಟ್ಟಿರದಿದ್ದರೆ ನಮ್ಮ ಕಿವಿಗೆ ಬೀಳುವುದು ‘ಬಟನ್, ಬಟನ್, ಬಟನ್’ ಅಷ್ಟೇ. ಕನ್ನಡ ಕಡತ ಈಗಿನ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿದ್ದರೆ ಸರಾಗ. ಹಳೆಯ ನುಡಿ ಫಾಂಟಿನಲ್ಲಿದ್ದರೆ ಅರ್ಥವಿಲ್ಲದ ಗೊಣಗಾಟ. ಸುತ್ತೋಲೆಯ ಫೋಟೊ ತೆಗೆದು ಕಳಿಸಿದರೆ ತಂತ್ರಾಂಶ ಅದನ್ನು ತಾನಾಗಿ ಓದುವುದಿಲ್ಲ.

ನನಗೆ ತರಬೇತಿ ಕೊಟ್ಟ ಸಂಸ್ಥೆಯಿಂದ ಒಬ್ಬ ಮೇಡಂ ನಮ್ಮ ಶಾಖೆಗೆ ಬಂದು ಮೂರು ದಿನ ನನ್ನ ಪಕ್ಕ ಕೂತರು. ಕೀಲಿಮಣೆಯಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬರೆದು ಮ್ಯಾನೇಜರ್ ಮುಂದಿಟ್ಟರು. ಆಗದ ಎರಡು ಕೆಲಸ ಪಕ್ಕದ ಮೇಜಿಗೆ ಹೋದವು. ಆ ಮೇಜಿನ ಫೋನ್ ವಿಚಾರಣೆಗಳೆಲ್ಲ ನನ್ನ ಪಾಲಿಗೆ ಬಂದವು. ಆ ಮೂರು ದಿನ ಇಲ್ಲದಿದ್ದರೆ ನಾನೂ ಇವತ್ತು ಮನೆಯಲ್ಲಿರುತ್ತಿದ್ದೆ. ನಿಮ್ಮ ತಮ್ಮನ ಬಳಿಗೆ ಆ ನಾಲ್ಕು ತಿಂಗಳಲ್ಲಿ ಯಾರಾದರೂ ಹೋಗಿದ್ದರೇ?
– ಬ್ಯಾಂಕ್ ನೌಕರ, ಹುಬ್ಬಳ್ಳಿ

*

ನಾನು ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತನಾಗಿದ್ದವನು. ಗ್ರಾಮ ಪಂಚಾಯಿತಿಗೊಬ್ಬರು ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ, ಅದು ದೊಡ್ಡ ಬಲ. ಆದರೆ ನಮ್ಮ ದಿನಗಳೆಲ್ಲ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಮಾಸಾಶನ, ಬಸ್ ಪಾಸು, ತ್ರಿಚಕ್ರ ಸೈಕಲ್ಲಿನಲ್ಲೇ ಕಳೆಯುತ್ತಿದ್ದವು. ಉದ್ಯೋಗ ಎಂದರೆ ಹುಡುಗರನ್ನು ಗಾಡಿ ಮಾಡಿ ಮೇಳಕ್ಕೆ ಕರೆದೊಯ್ಯುವುದು, ಹೆಸರು ಬರೆಸುವುದು, ನೇಮಕಾತಿ ಪತ್ರ ಹಿಡಿದು ಫೋಟೊ ತೆಗೆಸುವುದು. ಅಂದೇ ಸಂಜೆ ‘ಇಷ್ಟು ಜನರಿಗೆ ಉದ್ಯೋಗ’ ಎಂದು ವರದಿ ಹೋಗುತ್ತಿತ್ತು. ವರ್ಷದ ಮೇಲೆ ಅವರಲ್ಲಿ ಎಷ್ಟು ಜನ ಉಳಿದರು ಎಂದು ಕೇಳುವ ಕಾಲಂ ನಾನು ತುಂಬಿದ ಯಾವ ನಮೂನೆಯಲ್ಲೂ ಇರಲಿಲ್ಲ. ಅದು ನನಗೆ ಇಂದಿಗೂ ನೋವು. ತರಬೇತಿ ಸಂಸ್ಥೆಗೆ ಸರ್ಕಾರ ಕೊಡುವ ಹಣದ ದೊಡ್ಡ ಪಾಲನ್ನು ಹುಡುಗ ಕೆಲಸದಲ್ಲಿ ಒಂದು ವರ್ಷ ಪೂರೈಸಿದ ಮೇಲೆ ಕೊಡಲಿ. ಆಗ ಅವರೇ ವಿಚಾರಿಸಿಕೊಂಡು ಹೋಗುತ್ತಾರೆ.

ಈಗ ನಿಮ್ಮ ತಮ್ಮನ ಮಾತು. ಮೊದಲು ಅವನ ಕಾರ್ಡಿನಲ್ಲಿ ಅಂಗವೈಕಲ್ಯದ ಶೇಕಡಾವಾರು ಎಷ್ಟಿದೆ ನೋಡಿ. ಈ ಕಾಯಿಲೆಯಲ್ಲಿ ಗೋಡೆಯ ಅಕ್ಷರಪಟ ಓದಿಸಿ ಅಳೆದರೆ ಸಾಲದು, ನೋಟದ ಹರವನ್ನೂ, ಅಂದರೆ ನೇರ ನೋಡುವಾಗ ಸುತ್ತ ಎಷ್ಟು ಕಾಣುತ್ತದೆ ಎಂಬುದನ್ನೂ, ಅಳೆಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಹರವು 40 ಡಿಗ್ರಿಗಿಂತ ಕಡಿಮೆಯಿದ್ದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ. ಹಳೆಯ ಪ್ರಮಾಣಪತ್ರದ ನಂತರ ದೃಷ್ಟಿ ಇಳಿದಿದ್ದರೆ ಮರುಪರೀಕ್ಷೆಗೆ ಅರ್ಜಿ ಹಾಕಿ. ಅದೇ ಕಾಯ್ದೆಯಂತೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4 ಮೀಸಲು, ಅದರಲ್ಲಿ ಶೇ 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ನೆರವು, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೇಳಬಹುದು. ಬಿ.ಕಾಂ. ಇರುವುದರಿಂದ ಬ್ಯಾಂಕ್ ಪರೀಕ್ಷೆಗೆ ಕೂರಿಸಿ.

ಖಾಸಗಿ ಕಂಪನಿಯೂ ಕೈತೊಳೆದುಕೊಳ್ಳುವಂತಿಲ್ಲ. 20 ಅಥವಾ ಹೆಚ್ಚು ನೌಕರರಿರುವ ಕಡೆ ಅಂಗವಿಕಲ ನೌಕರರಿಗೆ ಏನೇನು ಸೌಲಭ್ಯ ಕೊಡುತ್ತೇವೆ ಎಂಬ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, ಅದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಮುಂದಿನ ಸಂದರ್ಶನದಲ್ಲಿ ಆ ಪ್ರತಿಯನ್ನು ಕೇಳಲಿ. ಅನ್ಯಾಯವಾದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು.
– ನಿವೃತ್ತ ಎಂಆರ್‌ಡಬ್ಲ್ಯು, ಹಾವೇರಿ ಜಿಲ್ಲೆ

*

ನನ್ನದು ನಲವತ್ತು ಜನರ ವರ್ಕ್‌ಶಾಪು. ಕಿವಿ ಕೇಳದ ಒಬ್ಬ ಒಳ್ಳೆಯ ಲೇತ್ ಕೆಲಸಗಾರ ನಮ್ಮಲ್ಲಿದ್ದ. ಪಾಳಿ ಬದಲಾದುದನ್ನು ನಾವು ಮೈಕಿನಲ್ಲಿ ಹೇಳಿದೆವು, ಬೋರ್ಡಿನಲ್ಲಿ ಬರೆಯಲಿಲ್ಲ. ಎರಡು ಸಲ ತಪ್ಪು ಹೊತ್ತಿಗೆ ಬಂದನೆಂದು ಸಂಬಳ ಹಿಡಿದೆವು, ಮೂರನೆಯ ಸಲ ಅವನು ಬರಲೇ ಇಲ್ಲ. ಒಂದು ಬೋರ್ಡಿನ ಮಾತಾಗಿತ್ತು ಅದು. ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ ಎಂಬುದು ನಿಜ, ನಾನು ಕೇಳಲೂ ಇಲ್ಲ. ಮೇಳಕ್ಕೆ ನಮ್ಮಂಥ ಮಾಲೀಕರನ್ನು ಕರೆಯುವವರು ನಮಗೂ ಅರ್ಧ ದಿನ ಪಾಠ ಮಾಡಲಿ.
– ಉದ್ಯಮಿ, ಪೀಣ್ಯ, ಬೆಂಗಳೂರು

*

ನನ್ನ ಮಗಳಿಗೆ ಡೌನ್ ಸಿಂಡ್ರೋಮ್, ಹುಟ್ಟಿನಿಂದಲೇ ಕಲಿಕೆ ನಿಧಾನ. ಬೇಕರಿಯಲ್ಲಿ ಡಬ್ಬಿಗೆ ಲೇಬಲ್ ಅಂಟಿಸಿ ತೂಕ ಹಾಕುತ್ತಾಳೆ, ಮೂರನೇ ವರ್ಷ ನಡೆಯುತ್ತಿದೆ. ಅವಳ ಶಾಲೆಯ ಟೀಚರೊಬ್ಬರು ಮೊದಲ ಆರು ವಾರ ಅವಳೊಟ್ಟಿಗೆ ಏಪ್ರನ್ ಕಟ್ಟಿಕೊಂಡು ನಿಂತಿದ್ದರು. ಮೊದಲು ದಿನವಿಡೀ, ಆಮೇಲೆ ಮಧ್ಯಾಹ್ನದವರೆಗೆ, ಕೊನೆಗೆ ವಾರಕ್ಕೊಮ್ಮೆ. ತಕ್ಕಡಿಯ ಸರಿಯಾದ ಅಂಕಿಯ ಮೇಲೆ ಅವರು ಅಂಟಿಸಿದ್ದ ಹಸಿರು ಚುಕ್ಕಿ ಇನ್ನೂ ಹಾಗೇ ಇದೆ. ಇಂಥ ಕೆಲಸಕ್ಕೆ ಸಂಬಳ ಕೊಟ್ಟು ಜನರನ್ನು ನೇಮಿಸಬೇಕು. ಒಬ್ಬ ಟೀಚರಮ್ಮನ ಒಳ್ಳೆಯತನದಿಂದ ಎಷ್ಟು ಮಕ್ಕಳು ದಡ ಸೇರಿಯಾರು?
– ತಾಯಿ, ಮೈಸೂರು

*

ಅಕ್ಕಾ, ನಿಮ್ಮ ಅಪ್ಪನ ಮೇಲೆ ಸಿಟ್ಟಾಗಬೇಡಿ. ಮಗ ರಾತ್ರಿ ರಸ್ತೆ ದಾಟುವುದನ್ನು ನೆನೆಸಿಕೊಂಡೇ ಅವರು ಮಾಸಾಶನದ ಮಾತು ತೆಗೆದಿರುತ್ತಾರೆ. ನನಗೆ ಪೋಲಿಯೊ ಆಗಿ ಎರಡೂ ಕಾಲಿಗೆ ಆಸರೆಯ ಕ್ಯಾಲಿಪರ್ ಇದೆ, ನಮ್ಮಪ್ಪನೂ ಹಾಗೇ ಅನ್ನುತ್ತಿದ್ದರು. ಕೆಲಸ ಬೆಂಗಳೂರಿನಲ್ಲೇ ಆಗಬೇಕೆಂದಿಲ್ಲ. ಮೊದಲು ಬಿಳಿಕೋಲು ಹಿಡಿದು ನಡೆಯುವುದನ್ನು ಸರಿಯಾಗಿ ಕಲಿಯಲಿ, ನಮ್ಮೂರಲ್ಲೇ ಹಗಲು ಹೊತ್ತಿನ ಕೆಲಸ ಹುಡುಕೋಣ. ನಾನು ದಾವಣಗೆರೆಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿದ್ದೇನೆ. ನನ್ನ ನಂಬರ್ ಸಂಪಾದಕರ ಹತ್ತಿರ ಇದೆ. ಬರುವ ಭಾನುವಾರ ತಮ್ಮನ ಜೊತೆ ಅಪ್ಪನನ್ನೂ ಕರೆದುಕೊಂಡು ಬನ್ನಿ, ಊಟಕ್ಕೆ ನಮ್ಮಲ್ಲೇ ಇರಿ.
– ಅಂಗಡಿಯವಳು, ದಾವಣಗೆರೆ